ಹಗ್ಗದ ಬಿಗಿತ ಎಲ್ಲಿ ಹೋಯಿತು?

ಕೊಳ್ಳೇಗಾಲದ ಕಡೆಯ ನಮ್ಮೂರಿನ ಮನೆ ಹಿತ್ತಲಲ್ಲಿ ಒಂದು ಬಾವಿ ಇದೆ. ಅದಕ್ಕೆ ಅಜ್ಜಿಯ ಕಾಲದ ಕಬ್ಬಿಣದ ರಾಟೆ. ಎಂಟನೇ ಕ್ಲಾಸಿನಿಂದ ಡಿಗ್ರಿ ಮುಗಿಯುವ ತನಕ ದಿನಾ ಬೆಳಿಗ್ಗೆ ಆರೇಳು ಬಿಂದಿಗೆ ನೀರು ಸೇದಿದವಳು ನಾನು. ತುಂಬಿದ ಬಿಂದಿಗೆ ನೀರಿನಿಂದ ಮೇಲೆದ್ದ ಕ್ಷಣ ಹಗ್ಗ ಹೇಗೆ ಬಿಗಿಯುತ್ತದೆ, ಅಂಗೈ ಹೇಗೆ ಉರಿಯುತ್ತದೆ ಅನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ 2014ರ ಡಿಸೆಂಬರಿನಲ್ಲಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಭೌತಶಾಸ್ತ್ರದ ಮೊದಲ ಸೆಮಿಸ್ಟರ್ ಓದುತ್ತಿದ್ದಾಗ, ಕ್ಲಾಸಿಕಲ್ ಮೆಕ್ಯಾನಿಕ್ಸ್ ಟೆಸ್ಟಿನಲ್ಲಿ ರಾಟೆಯ ಲೆಕ್ಕಕ್ಕೇ ನನಗೆ 5ಕ್ಕೆ 1 ಬಂತು.

ಲೆಕ್ಕ ಸುಲಭದ್ದು. ರಾಟೆಯ ಮೇಲೆ ಹಗ್ಗ, ಹಗ್ಗದ ಎರಡು ತುದಿಗೆ ಎರಡು ತೂಕ. ಯಾವುದು ಎಷ್ಟು ವೇಗೋತ್ಕರ್ಷದಿಂದ ಇಳಿಯುತ್ತದೆ? ಜಾರ್ಜ್ ಅಟ್‌ವುಡ್ 1784ರಲ್ಲಿ ವಿವರಿಸಿದ ಯಂತ್ರ ಇದು. ಡಿಗ್ರಿಯಲ್ಲಿ ಹತ್ತು ಸಲ ಮಾಡಿದ್ದೆ. ಆ ಕಡೆಗೊಂದು ಸಮೀಕರಣ, ಈ ಕಡೆಗೊಂದು ಸಮೀಕರಣ, ಎರಡರಲ್ಲೂ ಹಗ್ಗದ ಬಿಗಿತ. ಕೂಡಿಸಿದರೆ ಬಿಗಿತ ಹೊಡೆದುಹೋಗಿ ಉತ್ತರ ಬರುತ್ತದೆ. ಹಾಗೇ ಬರೆದೆ. ಉತ್ತರ ಸರಿ ಇತ್ತು. ಪ್ರಶ್ನೆಯಲ್ಲಿ ಮಾತ್ರ ‘ಲಗ್ರಾಂಜಿಯನ್ ವಿಧಾನದಿಂದ’, ಅಂದರೆ ಬಲಗಳ ಬದಲು ಶಕ್ತಿಯ ಲೆಕ್ಕದಿಂದ, ಎಂದು ಸ್ಪಷ್ಟವಾಗಿ ಕೇಳಿದ್ದರು. ಒಟ್ಟು 25ಕ್ಕೆ 9.

ಆ ದಿನ ಕ್ಯಾಂಟೀನಿನಲ್ಲಿ ಟೀ ಮುಂದೆ ಕೂತ ಐವರಲ್ಲಿ ನಾಲ್ವರ ಅಂಕಗಳೂ ಹೆಚ್ಚುಕಡಿಮೆ ಅಲ್ಲೇ ಇದ್ದವು. ಮಂಡ್ಯದ ಗೆಳತಿಗೆ 8. ಪುತ್ತೂರಿನವನಿಗೆ 11. ಹಾವೇರಿಯವರಿಗೆ 10. ಬೆಂಗಳೂರಿನವನೊಬ್ಬನಿಗೆ 19. ಹಾವೇರಿಯವರು ಬಿ.ಎಡ್. ಮುಗಿಸಿ ಎರಡು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿ ಬಂದಿದ್ದರು, ವಯಸ್ಸಿನಲ್ಲೂ ನಮಗಿಂತ ದೊಡ್ಡವರು. ಹಾಗಾಗಿ ಎಲ್ಲರ ಬಾಯಲ್ಲೂ ಅವರು ‘ಮೇಷ್ಟ್ರು’. ಸೆಮಿಸ್ಟರ್ ಪರೀಕ್ಷೆಗೆ ಒಂದು ತಿಂಗಳ ಮೇಲೆ ನಾಲ್ಕು ದಿನ ಉಳಿದಿತ್ತು.

ಮೇಷ್ಟ್ರೇ ಮೊದಲು ಬಾಯಿ ಬಿಟ್ಟರು. “ಒಬ್ಬೊಬ್ಬರ ಓದಿದ್ರ ಇದು ತಲಿಗೆ ಹತ್ತೂದಿಲ್ರಿ. ದಿನಾ ಸಂಜಿ ಕೂಡಿ ಕುಂದ್ರೂಣು. ಹೇಳೂದು ಕನ್ನಡದಾಗ.”

ಆ ‘ಕನ್ನಡದಾಗ’ ಅನ್ನುವ ಮಾತಿನ ತೂಕ ಆಗ ನನಗೆ ಗೊತ್ತಾಗಲಿಲ್ಲ. ನಮ್ಮಲ್ಲಿ ನಾಲ್ಕು ಜನ ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮದವರು. ಪಿಯುಸಿ ವಿಜ್ಞಾನಕ್ಕೆ ಸೇರಿದ ದಿನ ಇಂಗ್ಲಿಷಿಗೆ ಬಿದ್ದವರು, ಆಮೇಲೆ ಐದು ವರ್ಷ ಅರ್ಥವಾದದ್ದನ್ನೂ ಆಗದ್ದನ್ನೂ ಒಂದೇ ದನಿಯಲ್ಲಿ ಒಪ್ಪಿಸುತ್ತಾ ಬಂದವರು. ಬಾಯಿಪಾಠ ಮಾಡಿದ ಇಂಗ್ಲಿಷ್ ವಾಕ್ಯ ಒಂದೇ ಒಂದು ಪದ ತಪ್ಪದೆ ಬರುತ್ತದೆ. ಅದನ್ನೇ ಕನ್ನಡದಲ್ಲಿ ಹೇಳು ಎಂದರೆ ಎಲ್ಲಿ ಗೊತ್ತಿಲ್ಲವೋ ಸರಿಯಾಗಿ ಅಲ್ಲೇ ನಾಲಗೆ ನಿಲ್ಲುತ್ತದೆ.

ಜಾಗಕ್ಕೆ ಅಟೆಂಡರ್ ಅಣ್ಣನನ್ನು ಕೇಳಿಕೊಂಡೆವು. ನಾಲ್ಕು ಗಂಟೆಗೆ ಕ್ಲಾಸ್ ಮುಗಿದ ಮೇಲೆ ಒಂದು ರೂಮು ಬಿಟ್ಟುಕೊಡಲು ಅವರು ಒಪ್ಪಿದರು. “ಏಳ್ ಗಂಟೆಗೆ ಸರಿಯಾಗಿ ಬೀಗ ಹಾಕ್ಬುಡ್ತೀನಿ ಕಣವ್ವ, ಆಮೇಲೆ ಇನ್ನೊಂಚೂರು ಅನ್ಬಾರ್ದು” ಎಂದರು. ಚಾಕ್‌ಪೀಸ್ ನಮ್ಮದೇ. ಕಟ್ಟಳೆ ಎರಡೇ. ಬೋರ್ಡಿನ ಮುಂದೆ ನಿಂತವರ ಕೈಯಲ್ಲಿ ನೋಟ್ಸ್ ಇರಕೂಡದು. ಕೂತವರು ‘ಯಾಕೆ’ ಅಂತ ಎಷ್ಟು ಸಲ ಬೇಕಾದರೂ ಕೇಳಬಹುದು, ನಿಂತವರು ಸಿಟ್ಟಾಗಕೂಡದು.

ಮೊದಲ ಸಂಜೆ ರಾಟೆಯ ಲೆಕ್ಕವನ್ನು ನನಗೇ ಕೊಟ್ಟರು. ಚಲನಶಕ್ತಿ ಬರೆದೆ. ಅದರಲ್ಲಿ ಪ್ರಚ್ಛನ್ನ ಶಕ್ತಿ ಕಳೆದೆ. ಅದೇ ಲಗ್ರಾಂಜಿಯನ್. ಹಗ್ಗದ ಉದ್ದ ಬದಲಾಗದ್ದರಿಂದ ಒಂದು ತೂಕ ಎಲ್ಲಿದೆ ಎಂದು ತಿಳಿದರೆ ಇನ್ನೊಂದು ಎಲ್ಲಿದೆ ಎಂದು ತಾನಾಗಿ ತಿಳಿಯುತ್ತದೆ. ಹಾಗಾಗಿ ಒಂದೇ ನಿರ್ದೇಶಾಂಕ ಸಾಕು. ಸೂತ್ರಕ್ಕೆ ಹಾಕಿದೆ, ನಾಲ್ಕು ಸಾಲಿಗೆ ಉತ್ತರ ಬಂತು. ಚಾಕ್ ಕೆಳಗಿಟ್ಟು ತಿರುಗಿದೆ.

ಮೇಷ್ಟ್ರು ಬೋರ್ಡನ್ನೇ ನೋಡುತ್ತಿದ್ದರು. “ಎಲ್ಲಾ ಬರೋಬ್ಬರಿ ಐತ್ರಿ. ಹಗ್ಗದ ಬಿಗಿತ ಎಲ್ಲಿ ಹೋತು?”

ನಾನೂ ನೋಡಿದೆ. ನಿಜ, ಬೋರ್ಡಿನ ಮೇಲೆ ಬಿಗಿತ ಎಲ್ಲೂ ಇರಲಿಲ್ಲ. ನ್ಯೂಟನ್ನಿನ ದಾರಿಯಲ್ಲಿ ಅದು ಮೊದಲ ಸಾಲಿನಿಂದ ಇದ್ದು ಕೊನೆಗೆ ಹೊಡೆದುಹೋಗುತ್ತಿತ್ತು. ಇಲ್ಲಿ ಬರಲೇ ಇಲ್ಲ. ಕೈ ಉರಿಸುತ್ತಿದ್ದ ಆ ಬಿಗಿತವನ್ನು ನಾನೇ ಮರೆತು ಲೆಕ್ಕ ಮಾಡಿದ್ದೆ, ಲೆಕ್ಕವೂ ಸರಿ ಬಂದಿತ್ತು. ಯಾಕೆ?

ಅಂದು ಏಳು ಗಂಟೆಯ ತನಕ ಆ ಒಂದು ‘ಯಾಕೆ’ಯ ಹಿಂದೆಯೇ ಇದ್ದೆವು. ದಾರಿ ಸಿಕ್ಕಿದ್ದು ಪುತ್ತೂರಿನವನಿಗೆ. ಎರಡು ಕೈಯನ್ನೂ ಮುಷ್ಟಿ ಹಿಡಿದು ತಕ್ಕಡಿಯ ತಟ್ಟೆಗಳಂತೆ ಎದುರಿಗೆ ಹಿಡಿದ. “ನೋಡು ಮಾರಾಯ್ತಿ, ಹಗ್ಗ ಇಬ್ಬರನ್ನೂ ಮೇಲಕ್ಕೇ ಎಳೆಯುವುದು. ಈ ಕೈ ಒಂದು ಗೇಣು ಇಳಿದರೆ ಆ ಕೈ ಒಂದು ಗೇಣು ಏರ್ತದೆ. ಏರುವವನಿಗೆ ಹಗ್ಗ ಎಷ್ಟು ಕೆಲಸ ಮಾಡಿ ಕೊಟ್ಟಿತೋ ಇಳಿಯುವವನಿಂದ ಅಷ್ಟೇ ಕಿತ್ತುಕೊಳ್ತದೆ. ಜಮಾ ಖರ್ಚು ಸಮ.”

ಹಗ್ಗದ ಬಿಗಿತದಂಥ ಬಂಧನದ ಬಲಗಳು ಒಟ್ಟಿಗೆ ಯಾವ ಕೆಲಸವನ್ನೂ ಮಾಡುವುದಿಲ್ಲ. ಕೆಲಸ ಮಾಡದ್ದು ಶಕ್ತಿಯ ಲೆಕ್ಕಕ್ಕೆ ಬರುವುದಿಲ್ಲ. ಡಿ’ಅಲೆಂಬರ್ಟ್ ತತ್ತ್ವದ ತಿರುಳು ಇದೇ, 1743ರಷ್ಟು ಹಿಂದಿನದು. ‘ವರ್ಚುವಲ್ ವರ್ಕ್’ ಎಂಬ ಹೆಸರಿನಲ್ಲಿ ಅದನ್ನು ಮೂರು ಪುಟ ಬರೆದುಕೊಂಡಿದ್ದೆ, ಅಡಿಗೆರೆ ಬೇರೆ ಹಾಕಿದ್ದೆ. ಆ ಮೂರು ಪುಟ ನಮ್ಮ ಮನೆ ಬಾವಿಯ ಹಗ್ಗದ ಬಗ್ಗೆ ಎಂದು ಗೊತ್ತಾದದ್ದು ಆ ಸಂಜೆ. ಬಾಗಿಲಲ್ಲಿ ಅಟೆಂಡರ್ ಅಣ್ಣ ಬೀಗ ಹಿಡಿದು ನಿಂತಾಗ ಮಂಡ್ಯದವಳು ಇನ್ನೊಂದು ಕೇಳಿದಳು: “ಹಂಗಾದ್ರೆ ಹಗ್ಗ ಕಿತ್ತೋಯ್ತದಾ ಇಲ್ವಾ ಅಂತ ತಿಳ್ಕೋಬೇಕು ಅಂದ್ರೆ ಏನ್ ಮಾಡದು ಕಣೇ?” ಹಗ್ಗದ ಷರತ್ತನ್ನು ಮೊದಲೇ ಬಳಸಿ ಮುಗಿಸದೆ ಒಂದು ಗುಣಕ ಹಚ್ಚಿ ಲೆಕ್ಕದಲ್ಲೇ ಇಟ್ಟುಕೊಂಡರೆ ಆ ಗುಣಕವೇ ಬಿಗಿತವಾಗಿ ಹೊರಬರುತ್ತದೆ, ಅದೇ ಲಗ್ರಾಂಜನ ಮಲ್ಟಿಪ್ಲೈಯರ್. ಅದು ಮರುದಿನದ ಪಾಠವಾಯಿತು. ಸಿಲಬಸ್ಸಿನಲ್ಲಿ ಮುಂದಿನ ಸಾಲಿನಲ್ಲಿದ್ದದ್ದೂ ಅದೇ.

ಹೀಗೆ ಎರಡು ವಾರ ನಡೆಯಿತು. ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತಾ ಹಿಂದಿನ ಸಂಜೆಯದ್ದನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದೆವು. ಧನುರ್ಮಾಸದ ಮಂಜು. ನೀರಿನ ಮೇಲೆ ಹೆಜ್ಜಾರ್ಲೆಗಳು ಬೆಳ್ಳಗೆ ತೇಲುತ್ತಿದ್ದವು, ಎದುರು ವಾಕಿಂಗ್ ಬರುವ ಹಿರಿಯರು ನಾವು ‘ಥೀಟಾ ಡಾಟ್ ಸ್ಕ್ವೇರ್’ ಅನ್ನುವುದನ್ನು ಕೇಳಿ ತಿರುಗಿ ನೋಡುತ್ತಿದ್ದರು. ಕಾಗದವಿಲ್ಲದೆ ಹೇಳುವಾಗ ತಪ್ಪು ಬೇಗ ಸಿಕ್ಕಿಬೀಳುತ್ತದೆ. ಇದನ್ನು ನಾನು ಪೂರ್ತಿ ನಂಬಿ ಹೇಳುತ್ತೇನೆ: ಇಪ್ಪತ್ತು ನಿಮಿಷ ನಡೆಯುತ್ತಾ ಹೇಳಿಕೊಂಡದ್ದು ಎರಡು ಗಂಟೆ ಕೂತು ಬರೆದದ್ದಕ್ಕಿಂತ ಹೆಚ್ಚು ದಿನ ಉಳಿಯಿತು.

ಬೆಂಗಳೂರಿನವನಿಗೆ ಈ ನಡಿಗೆ ಹಿಡಿಸಲಿಲ್ಲ. ಅವನ ಅಸಮಾಧಾನಕ್ಕೆ ಕಾರಣವಿತ್ತು. ಐದು ಯೂನಿಟ್ಟಿನಲ್ಲಿ ಒಂದೂವರೆ ಮುಗಿದಿತ್ತು ಅಷ್ಟೆ. ಚಿತ್ರ ಬರೆಯುವ ವಿಷಯಕ್ಕೂ ವಾದ ಬಂತು. ಪ್ರತಿ ಲೆಕ್ಕಕ್ಕೂ ಮೊದಲು ಚಿತ್ರ ಬೇಕು ಎಂದು ಮೇಷ್ಟ್ರು. ಇದು ಚಿತ್ರ ಬೇಡದ ವಿಧಾನ, 1788ರ ಗ್ರಂಥದಲ್ಲಿ ಲಗ್ರಾಂಜ್ ಒಂದು ಚಿತ್ರವನ್ನೂ ಹಾಕಿಲ್ಲ, ಹಾಕುವುದಿಲ್ಲ ಎಂದು ಮುನ್ನುಡಿಯಲ್ಲೇ ಹೇಳಿದ್ದಾನೆ ಎಂದು ಇವನು. ಅವನು ಹೇಳಿದ್ದು ನಿಜ. ಬೀಜಗಣಿತವೇ ಸಾಕು ಅನ್ನುವುದು ಲಗ್ರಾಂಜನ ಹೆಮ್ಮೆ. ಆದರೆ ಮೊದಲ ಸಲ ಕಲಿಯುತ್ತಿರುವ ನಮಗೆ ಚಿತ್ರವಿಲ್ಲದೆ ಯಾವ ಕೋನವನ್ನು ಎಲ್ಲಿಂದ ಅಳೆಯುವುದು ಎಂದೇ ತಿಳಿಯುತ್ತಿರಲಿಲ್ಲ. “ಈ ಸ್ಪೀಡಲ್ಲಿ ಹೋದ್ರೆ ಸಿಲಬಸ್ ಮುಗಿಯಲ್ಲ ಗುರು, ನಾನು ಲೈಬ್ರರೀಲಿ ಓದ್ಕೋತೀನಿ” ಎಂದು ಡಿಸೆಂಬರ್ ಕೊನೆಯಲ್ಲಿ ಅವನು ಬರುವುದನ್ನು ಬಿಟ್ಟ. ಯಾರೂ ತಡೆಯಲಿಲ್ಲ. ಅವನ ಕುರ್ಚಿ ಖಾಲಿ ಇದ್ದ ಮೊದಲ ಸಂಜೆ ನಮ್ಮ ಪಾಠ ಬೇಗ ಮುಗಿಯಿತು.

ಇಲ್ಲಿಂದ ಮುಂದಿನದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹಿಂದಿನ ಬ್ಯಾಚುಗಳಿಂದ ಇಳಿದು ಬಂದ ಒಂದು ಕೈಬರಹದ ನೋಟ್ಸ್ ಇತ್ತು. ಝೆರಾಕ್ಸಿನ ಝೆರಾಕ್ಸ್, ಅಕ್ಷರ ಅಲ್ಲಲ್ಲಿ ಮಾಸಿದ್ದು. ಯಾರು ಬರೆದದ್ದೋ, ಅಕ್ಷರ ಮುದ್ದಾಗಿತ್ತು, ನಮ್ಮ ಕ್ಲಾಸಿನ ಬಹುಪಾಲು ಜನರ ಬಳಿ ಅದೇ ಇತ್ತು. ಸೂರ್ಯನ ಸುತ್ತ ಗ್ರಹ ಸುತ್ತುವ ಲೆಕ್ಕ, ಅಂದರೆ ಸೆಂಟ್ರಲ್ ಫೋರ್ಸ್, ನಾವು ಕಲಿತದ್ದು ಆ ನೋಟ್ಸಿನಿಂದ. ಕೇಂದ್ರದ ಕಡೆಗಷ್ಟೇ ಎಳೆತ ಇದ್ದರೆ ಕೋನೀಯ ಸಂವೇಗ ಬದಲಾಗುವುದಿಲ್ಲ. ‘ಎಂ ಆರ್ ಸ್ಕ್ವೇರ್ ಥೀಟಾ ಡಾಟ್ ಈಕ್ವಲ್ ಟು ಎಲ್’. ಎಂ ಅಂದರೆ ದ್ರವ್ಯರಾಶಿ, ಆರ್ ದೂರ, ಥೀಟಾ ಡಾಟ್ ತಿರುಗುವ ದರ, ಎಲ್ ಆ ಕೋನೀಯ ಸಂವೇಗ. ನೋಟ್ಸಿನಲ್ಲಿ ಮುಂದಿನ ಸಾಲಿಗೇ ಇದನ್ನು ಲಗ್ರಾಂಜಿಯನ್ ಒಳಗೆ ಹಾಕಿ ಥೀಟಾ ಡಾಟ್ ಅನ್ನು ತೆಗೆದುಹಾಕಿದ್ದರು. ಆಮೇಲೆ ದೂರದ ಸಮೀಕರಣ. ಎಷ್ಟು ಚೊಕ್ಕ! ಎರಡು ಅಜ್ಞಾತಗಳಿದ್ದ ಜಾಗದಲ್ಲಿ ಒಂದೇ ಉಳಿಯಿತು. ನಾಲ್ವರೂ ಬಾಯಿಪಾಠ ಮಾಡಿದೆವು.

ಜನವರಿ ಮೊದಲ ವಾರ ಪುತ್ತೂರಿನವನ ಸರದಿ. ಬೋರ್ಡಿನ ಮೇಲೆ ನೋಟ್ಸಿನಂತೆಯೇ ಬರೆದ. ಕೊನೆಯ ಸಮೀಕರಣ ಬರೆದವನು ಅಲ್ಲೇ ನಿಂತ.

“ಹೌದಲ್ಲ ಮಾರಾಯ್ರೆ, ಇಲ್ಲಿ ಎರಡೂ ಮೈನಸ್. ಗುರುತ್ವ ಒಳಗೆ ಎಳೆಯುವುದು ಸರಿ. ಈ ಎಲ್ ಸ್ಕ್ವೇರ್ ಇರುವುದೂ ಒಳಗೇ ಎಳೆಯುವುದು ಎಂತಕ್ಕೆ?”

ಮಂಡ್ಯದವಳು ನೋಟ್ಸ್ ತಿರುವಿದಳು. ಅದರಲ್ಲೂ ಮೈನಸ್ಸೇ.

“ಈಗ ಜನವರಿ. ಈ ವಾರವೇ ಭೂಮಿ ಸೂರ್ಯನಿಗೆ ತೀರ ಹತ್ತಿರ ಇರುವುದು” ಎಂದ ಅವನು. “ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈಯಲ್ಲಿ 15.2 ಕೋಟಿ. ಹತ್ತಿರ ಬಂದದ್ದು ತಿರುಗಿ ದೂರ ಹೋಗ್ತದೆ. ಎರಡೂ ಒಳಗೇ ಎಳೆದರೆ ತಿರುಗಿಸಿ ಕಳಿಸುವುದು ಯಾರು? ಭೂಮಿ ಸೂರ್ಯನೊಳಗೆ ಬೀಳಬೇಕಲ್ಲ?”

ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಆರನೇ ಪುಟದಲ್ಲಿ ಸೂತ್ರ, ಏಳನೇ ಪುಟದಲ್ಲಿ ಚಿತ್ರ. ಚಿತ್ರದಲ್ಲಿ, ದೂರಕ್ಕೆ ತಕ್ಕಂತೆ ಶಕ್ತಿ ಬದಲಾಗುವುದನ್ನು ತೋರಿಸುವ ರೇಖೆ ಹತ್ತಿರದಲ್ಲಿ ಗೋಡೆಯಂತೆ ಏರಿ, ನಡುವೆ ಬಟ್ಟಲಿನಂತೆ ತಗ್ಗಿ, ದೂರಕ್ಕೆ ಹೋದಂತೆ ಮಟ್ಟವಾಗುತ್ತಿತ್ತು. ಆ ಗೋಡೆಯೇ ಗ್ರಹವನ್ನು ತಿರುಗಿಸಿ ಕಳಿಸುವುದು. ಚಿತ್ರ ಸರಿ. ಸೂತ್ರದಿಂದ ಆ ಚಿತ್ರ ಬರಲು ಸಾಧ್ಯವಿಲ್ಲ. ಪುಟ ತಿರುವುವಾಗ ಎಷ್ಟು ವರ್ಷದಿಂದ ಎಷ್ಟು ಮಂದಿ ಗಮನಿಸದೆ ಹೋದರೋ, ನಾವೂ ಅವರಲ್ಲೇ ಇದ್ದೆವು.

ಚಿಹ್ನೆ ತಪ್ಪಿದೆ ಎಂದು ಗೊತ್ತಾಯಿತು. ಎಲ್ಲಿ ತಪ್ಪಿದೆ ಎಂದು ಗೊತ್ತಾಗಲಿಲ್ಲ. ಒಂದೊಂದು ಸಾಲನ್ನೂ ಉಗುರಿನಿಂದ ಗೀರಿ ನೋಡಿದಂತೆ ನೋಡಿದೆವು. ಕೂಡಿಸಿದ್ದು ಸರಿ, ಭಾಗಿಸಿದ್ದು ಸರಿ. ಮರುದಿನವೂ ಅದೇ. ಮೇಷ್ಟ್ರು ಲಗ್ರಾಂಜಿಯನ್ ಒಳಗೆ ಎಲ್ ಹಾಕದೆ, ಮೊದಲು ದೂರದ ಸಮೀಕರಣ ತೆಗೆದು ಆಮೇಲೆ ಹಾಕಿದರು. ಆಗ ಪ್ಲಸ್ ಬಂತು. ಅವೇ ಎರಡು ಕೆಲಸ, ಹಿಂದುಮುಂದು ಮಾಡಿದರೆ ಬೇರೆ ಉತ್ತರ. “ಇದ ಹೆಂಗ ಸಾಧ್ಯ ಐತ್ರಿ?” ಎಂದು ಅವರು ಕುರ್ಚಿಯಲ್ಲಿ ಕುಸಿದು ಕೂತರು. ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ ಕಲಿಸಿದವರು ಅವರು. ಅಷ್ಟು ಕಳವಳಗೊಂಡದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆಗ ಮಂಡ್ಯದವಳೇ ಅಂದಳು: “ಅವ್ನತ್ರಾನೂ ಇದೇ ನೋಟ್ಸ್ ಅದೆ ಕಣ್ರೋ. ತಪ್ಪು ಅಂತ ಗೊತ್ತಾದ್ಮೇಲೆ ಹೇಳ್ದೆ ಇರಕ್ಕಾಯ್ತದಾ?”

ಲೈಬ್ರರಿಗೆ ಹೋದೆವು. ಅವನು ಕಿಟಕಿ ಪಕ್ಕದ ಮೇಜಿನಲ್ಲಿ ಒಬ್ಬನೇ ಇದ್ದ. ನಾಲ್ಕು ಜನ ಒಟ್ಟಿಗೆ ಬಂದದ್ದು ಕಂಡು ಗಾಬರಿಯಾದ. ಎರಡು ದಾರಿಯನ್ನೂ ಬರೆದ ಹಾಳೆಯನ್ನು ಅವನ ಮುಂದಿಟ್ಟೆವು. ತಾನೂ ಮೈನಸ್ ಕಲಿತಿದ್ದೇನೆ ಎಂದು ಒಪ್ಪಿಕೊಂಡ. ಹತ್ತು ನಿಮಿಷ ಪೆನ್ನಿನ ಮುಚ್ಚಳ ಕಚ್ಚುತ್ತಾ ಕೂತ. ಆಮೇಲೆ ನಮ್ಮನ್ನು ಹೊರಗೆ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದ, ಒಳಗೆ ಜೋರಾಗಿ ಮಾತಾಡುವಂತಿರಲಿಲ್ಲ.

ಅವನು ಹೇಳಿದ್ದನ್ನು ಇವತ್ತಿಗೂ ಹಾಗೇ ಹೇಳಬಲ್ಲೆ. ‘ಡೆಲ್ ಎಲ್ ಬೈ ಡೆಲ್ ಆರ್’ (ಇಲ್ಲಿ ಎಲ್ ಅಂದರೆ ಲಗ್ರಾಂಜಿಯನ್) ಎಂದರೆ ಉಳಿದದ್ದನ್ನೆಲ್ಲ ಅಲುಗಾಡದಂತೆ ಹಿಡಿದು ದೂರವನ್ನಷ್ಟೇ ಬದಲಿಸಿ ನೋಡುವುದು. ಲಗ್ರಾಂಜಿಯನ್ ಕೇಳುವುದು ತಿರುಗುವ ದರವನ್ನು ಹಿಡಿದಿಡು ಎಂದು. ತಿರುಗುವ ದರ ಹಿಡಿದಿಟ್ಟು ದೂರ ಹೆಚ್ಚಿಸಿದರೆ ಸುತ್ತುವ ಶಕ್ತಿ ಏರುತ್ತದೆ. ನೀವು ಮೊದಲೇ ಕೋನೀಯ ಸಂವೇಗದ ಎಲ್ ತಂದು ಹಾಕಿದಿರಿ, ಅಲ್ಲಿಗೆ ಹಿಡಿದಿಟ್ಟದ್ದು ಕೋನೀಯ ಸಂವೇಗವನ್ನು. ಅದನ್ನು ಹಿಡಿದಿಟ್ಟು ದೂರ ಹೆಚ್ಚಿಸಿದರೆ ಸುತ್ತುವ ಶಕ್ತಿ ಇಳಿಯುತ್ತದೆ. ಏರಬೇಕಾದದ್ದು ಇಳಿಯಿತು, ಚಿಹ್ನೆ ತಿರುಗಿತು.

ಪುತ್ತೂರಿನವನು ಕೈಯಲ್ಲಿದ್ದ ಬೀಗದ ಕೈ ಗೊಂಚಲಿನ ದಾರ ಹಿಡಿದು ಗರಗರ ತಿರುಗಿಸಿದ. ದಾರ ಬೆರಳಿಗೆ ಸುತ್ತಿಕೊಳ್ಳುತ್ತಾ ಗಿಡ್ಡವಾದಷ್ಟೂ ಗೊಂಚಲು ಜೋರಾಗಿ ತಿರುಗಿತು. ಆರು ಪುಟದ ಗಣಿತ ಅವನ ತೋರುಬೆರಳಿನ ಸುತ್ತ ಸುತ್ತಿಕೊಂಡು ಟಕ್ ಎಂದು ನಿಂತಿತು.

ಮೊದಲೇ ಹಾಕಲೇಬೇಕೆಂದಿದ್ದರೆ ಅದಕ್ಕೂ ಒಂದು ಕ್ರಮವಿದೆ. 19ನೇ ಶತಮಾನದಲ್ಲಿ ಎಡ್ವರ್ಡ್ ರೌತ್ ಕೊಟ್ಟದ್ದು. ಹಾಕುವ ಮೊದಲು ಲಗ್ರಾಂಜಿಯನ್ನನ್ನೇ ತಿದ್ದಿಕೊಳ್ಳಬೇಕು. ನಮಗೆ ಅಷ್ಟು ಬೇಕಿರಲಿಲ್ಲ. ‘ಮೊದಲು ಸಮೀಕರಣ, ಆಮೇಲೆ ಎಲ್’ ಎಂದು ನೋಟ್ಸಿನ ಆರನೇ ಪುಟದ ಮೇಲೆ ಕೆಂಪು ಇಂಕಿನಲ್ಲಿ ಬರೆದೆ. ಆ ನೋಟ್ಸ್ ಇದ್ದ ಕ್ಲಾಸಿನವರಿಗೆಲ್ಲ ಅಂದೇ ಸಂಜೆ ಹೇಳಿದೆವು. ಇದನ್ನು ಇಟ್ಟುಕೊಂಡು ನಾವಷ್ಟೇ ಮುಂದೆ ಹೋಗಬೇಕು ಎಂದು ಐವರಲ್ಲಿ ಯಾರಿಗೂ ಅನಿಸಲಿಲ್ಲ, ಅದು ನನಗೆ ಇವತ್ತಿಗೂ ಹೆಮ್ಮೆ.

ಮರುದಿನ ನಾಲ್ಕು ಗಂಟೆಗೆ ಬೆಂಗಳೂರಿನವನು ತಾನಾಗಿ ರೂಮಿಗೆ ಬಂದ. “ನಿಮ್ ಹತ್ರ ಹೇಳೋವಾಗ್ಲೇ ನಂಗೂ ಕ್ಲಿಯರ್ ಆಗಿದ್ದು ಕಣೇ” ಎಂದು ನನಗೆ ಹೇಳಿದ. ಅವನು ಬಂದದ್ದರಿಂದ ವೇಗವೂ ಹೆಚ್ಚಿತು. ಯಾವುದನ್ನು ಅಗೆಯಬೇಕು, ಯಾವುದನ್ನು ದಾಟಬೇಕು ಎಂದು ಲೆಕ್ಕ ಹಾಕುವುದರಲ್ಲಿ ಅವನು ಗಟ್ಟಿಗ. ಹಳೆಯ ಪ್ರಶ್ನೆಪತ್ರಿಕೆ ಹರಡಿಕೊಂಡು, ಉಳಿದ ದಿನಗಳನ್ನು ಯೂನಿಟ್ಟುಗಳಿಗೆ ಹಂಚಿದ.

ಸಣ್ಣ ಆಂದೋಲನಗಳ ಯೂನಿಟ್ ಮಂಡ್ಯದವಳ ಪಾಲಿಗೆ ಬಿತ್ತು. ಒಂದಕ್ಕೊಂದು ತಗುಲಿಸಿದ ಎರಡು ಲೋಲಕ ಹೇಗೆ ತೂಗುತ್ತವೆ ಎಂಬ ಲೆಕ್ಕ. ಡಿಟರ್ಮಿನೆಂಟ್ ಬರೆದು ಸೊನ್ನೆಗೆ ಸಮ ಮಾಡಿ ಆವೃತ್ತಿ ತೆಗೆಯುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಆಮೇಲೆ ಬರುವ ಐಗನ್‌ವೆಕ್ಟರ್ ಎಂಬ ಅಂಕಿ ಜೋಡಿಗಳನ್ನೂ ಬರೆದಳು: ಒಂದು ಒಂದು, ಒಂದು ಮೈನಸ್ ಒಂದು. ಏನದು ಎಂದು ಕೇಳಿದರೆ ಉತ್ತರವಿಲ್ಲ. “ಅದ್ ಬರೀಬೇಕು ಕಣೇ, ಎರಡು ಮಾರ್ಕ್ಸು” ಎಂದಳು.

ಬೆಂಗಳೂರಿನವನು ಎದ್ದು ಎರಡು ಕುರ್ಚಿಯನ್ನು ಒಂದು ಮಾರು ದೂರದಲ್ಲಿಟ್ಟು ಅವುಗಳ ಬೆನ್ನಿಗೆ ಒಂದು ದಾರ ಕಟ್ಟಿದ. ಕುರ್ಚಿ ವಾಲಬಾರದೆಂದು ಒಂದರ ಮೇಲೆ ಮೇಷ್ಟ್ರು, ಇನ್ನೊಂದರ ಮೇಲೆ ಪುತ್ತೂರಿನವನು ಕೂತರು. ನನ್ನ ಟ್ರಂಕಿನ ಬೀಗ, ಗೆಳತಿಯ ಟ್ರಂಕಿನ ಬೀಗ, ಎರಡೂ ಒಂದೇ ಅಳತೆಯವು. ಎರಡನ್ನೂ ಗೇಣುದ್ದದ ನೂಲಿನಲ್ಲಿ ಆ ದಾರದಿಂದ ಇಳಿಬಿಟ್ಟೆವು.

“ಒಂದನ್ನ ಮಾತ್ರ ತಳ್ಳು.”

ದಾರಕ್ಕೆ ಅಡ್ಡಲಾಗಿ ತಳ್ಳಿದಳು. ಮೊದಲ ಬೀಗ ತೂಗಿತು, ಎರಡನೆಯದು ಸುಮ್ಮನಿತ್ತು. ಮೂರು ನಾಲ್ಕು ತೂಗಿನಲ್ಲಿ ಎರಡನೆಯದಕ್ಕೆ ಸಣ್ಣ ಅಲುಗಾಟ ಬಂತು. ಅದು ಬೆಳೆಯಿತು. ಮೊದಲನೆಯದು ಸಣ್ಣಗಾಗುತ್ತಾ ಆಗುತ್ತಾ ಒಂದು ಕ್ಷಣ ಪೂರ್ತಿ ನಿಂತೇಬಿಟ್ಟಿತು, ಎರಡನೆಯದು ಭರ್ತಿ ತೂಗುತ್ತಿತ್ತು. ಮತ್ತೆ ಅದರಿಂದ ಇದಕ್ಕೆ. ಮೇಷ್ಟ್ರು ಕುರ್ಚಿಯಲ್ಲಿ ಕೂತಲ್ಲೇ ಬಗ್ಗಿ ಮಗುವಿನ ಹಾಗೆ ನೋಡುತ್ತಿದ್ದರು.

“ಈಗ ಎರಡನ್ನೂ ಒಂದೇ ಕಡೆಗೆ ಎಳೆದು ಬಿಡು.” ಎರಡೂ ಜೊತೆಜೊತೆಗೆ ತೂಗಿದವು, ಕೊಡುಕೊಳ್ಳುವುದೇ ಇಲ್ಲ. “ಈಗ ಒಂದನ್ನ ಆ ಕಡೆ, ಒಂದನ್ನ ಈ ಕಡೆ.” ಆಗಲೂ ಇಲ್ಲ, ಎದುರುಬದುರಾಗಿ ತೂಗುತ್ತಲೇ ಉಳಿದವು.

ಅವಳು ಬೋರ್ಡ್ ಕಡೆ ತಿರುಗಿದಳು. ಒಂದು ಒಂದು, ಒಂದು ಮೈನಸ್ ಒಂದು. “ಅಯ್ಯೋ, ಇದು ಕೈಯಾಗೆ ತಳ್ಳೋ ರೀತಿ ಅಲ್ವೇನೇ! ಹಿಂಗ್ ತಳ್ಳುದ್ರೆ ಹಂಗೇ ಇರ್ತದೆ ಅಂತ ಹೇಳ್ತಾವ್ಳೆ ಇವ್ಳು!” ಅಂದಳು. ಐಗನ್‌ವೆಕ್ಟರ್ ಅವಳ ಬಾಯಲ್ಲಿ ಆ ಗಳಿಗೆಯಿಂದ ‘ಇವ್ಳು’ ಆಯಿತು. ದಾರವನ್ನು ಸಡಿಲ ಬಿಟ್ಟು ನೋಡಿದೆವು, ಕೊಡುಕೊಳ್ಳುವಿಕೆ ಚುರುಕಾಯಿತು. ಬಿಗಿ ಮಾಡಿದರೆ ನಿಧಾನ. ಎರಡು ಆವೃತ್ತಿಗಳ ನಡುವಿನ ಅಂತರ ಹೆಚ್ಚಿದಷ್ಟೂ ಬದಲಾವಣೆ ಬೇಗ ಎಂಬುದು ಕಣ್ಣಿಗೇ ಕಂಡಿತು. ಬೀಗ ಹಾಕಲು ಬಂದ ಅಟೆಂಡರ್ ಅಣ್ಣನೂ ಒಂದು ಸಲ ತಳ್ಳಿ ನಿಂತು ನೋಡಿದರು. ಅವತ್ತು ಏಳೂಕಾಲಾಗಿತ್ತು.

ಸಂಕ್ರಾಂತಿಗೆ ಯಾರೂ ಊರಿಗೆ ಹೋಗಲಿಲ್ಲ. ಮಂಡ್ಯದಿಂದ ಗೆಳತಿಯ ಅಮ್ಮ ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಎರಡು ಜಲ್ಲೆ ಕಬ್ಬು ಕಳಿಸಿದ್ದರು. ಕಬ್ಬು ಸಿಗಿಯುತ್ತಾ ಹ್ಯಾಮಿಲ್ಟೋನಿಯನ್ ಮುಗಿಸಿದೆವು. ಯೂಲರ್ ಕೋನಗಳಿಗೆ ಒಂದು ಸಂಜೆ, ಮೇಷ್ಟ್ರ ಪೆನ್ಸಿಲ್ ಡಬ್ಬಿಯನ್ನೇ ಮೂರು ಸಲ ತಿರುಗಿಸಿ. ಪಾಯ್ಸನ್ ಬ್ರಾಕೆಟ್, ಕ್ಯಾನಾನಿಕಲ್ ಟ್ರಾನ್ಸ್‌ಫರ್ಮೇಷನ್ನಿನ ನಾಲ್ಕು ಜನಕ ಫಲನಗಳು, ಇವನ್ನು ಬಾಯಿಪಾಠ ಮಾಡಿದೆವು. ‘ಯಾಕೆ’ ಕೇಳಲು ದಿನ ಉಳಿದಿರಲಿಲ್ಲ. ಹ್ಯಾಮಿಲ್ಟನ್ ಜಾಕೋಬಿಯನ್ನು ಪೂರ್ತಿ ಬಿಟ್ಟೆವು. ಬಿಡೋಣ ಎಂದು ಐವರೂ ಸೇರಿ ತೀರ್ಮಾನಿಸಿದ್ದು ಅದು.

ಪರೀಕ್ಷೆಗೆ ಎರಡು ದಿನ ಮೊದಲು ಮೂರು ಗಂಟೆ ಗಡಿಯಾರ ಇಟ್ಟುಕೊಂಡು ಹಳೆಯ ಪತ್ರಿಕೆ ಬರೆದೆವು. ಒಬ್ಬರದನ್ನು ಇನ್ನೊಬ್ಬರು ತಿದ್ದಿದೆವು. ನನ್ನದನ್ನು ಮೇಷ್ಟ್ರು ತಿದ್ದಿದರು, ಕಟ್ಟುನಿಟ್ಟಾಗಿ. ಪ್ರತಿ ಉತ್ತರದ ಪಕ್ಕದಲ್ಲೂ ಎಷ್ಟು ನಿಮಿಷ ಹಿಡಿಯಿತು ಎಂದು ಬರೆದಿದ್ದರು. ಗೊತ್ತಿದ್ದ ಎರಡು ಪ್ರಶ್ನೆಗೆ ಹೊತ್ತೇ ಸಾಲದೆ ಹೋಗಿದ್ದು ಅದರಿಂದ ತಿಳಿಯಿತು. ಬರೆಯುವ ಕೈಗೂ ಅಭ್ಯಾಸ ಬೇಕು, ಅದನ್ನು ಇನ್ನೂ ಮುಂಚೆ ಶುರು ಮಾಡಬೇಕಿತ್ತು.

ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮೊದಲು ಹುಡುಕಿದ್ದು ಸೆಂಟ್ರಲ್ ಫೋರ್ಸ್. ಎರಡನೇ ಪುಟದಲ್ಲಿತ್ತು. ಬರೆಯುವಾಗ ಬೆರಳಿಗೆ ಸುತ್ತಿಕೊಂಡ ಬೀಗದ ಕೈ ಗೊಂಚಲು ಕಣ್ಣ ಮುಂದೆ ಇತ್ತು. ಎರಡು ಲೋಲಕಗಳನ್ನು ಒಂದರ ಕೆಳಗೊಂದು ಕಟ್ಟಿದ ಲೆಕ್ಕವೂ ಬಂದಿತ್ತು, ತೂಕವೂ ಉದ್ದವೂ ಸಮ. ಹೊರಗೆ ಬಂದ ಗೆಳತಿ ಮೊದಲು ಹೇಳಿದ್ದು ಅದನ್ನೇ: “ಟೂ ಪ್ಲಸ್ ಆರ್ ಮೈನಸ್ ರೂಟ್ ಟೂ ಬಂತು ಕಣೇ. ನಿಧಾನದ್ರಲ್ಲಿ ಇಬ್ರೂ ಒಂದೇ ಕಡೆ, ಕೆಳಗಿನದು ರೂಟ್ ಟೂ ಪಟ್ಟು ಜಾಸ್ತಿ ವಾಲ್ತದೆ. ಅದ್ನೂ ಚಿತ್ರ ಬರ್ದೆ.” ಹ್ಯಾಮಿಲ್ಟನ್ ಜಾಕೋಬಿಯೂ ಬಂದಿತ್ತು. ಆ 8 ಅಂಕ ಐವರಿಗೂ ಹೋಯಿತು.

ಫಲಿತಾಂಶದಲ್ಲಿ ನನಗೆ 80ಕ್ಕೆ 57. ಮೇಷ್ಟ್ರಿಗೆ 61. ಗೆಳತಿಗೆ 54, ಅವಳು ತನ್ನ ಅಮ್ಮನಿಗೆ ಫೋನು ಮಾಡಿ ಅತ್ತಳು. ಪುತ್ತೂರಿನವನಿಗೂ ಬೆಂಗಳೂರಿನವನಿಗೂ ಅರವತ್ತರ ಮೇಲೆ.

ಎರಡನೇ ಸೆಮಿಸ್ಟರಿನಲ್ಲಿ ಒಂದು ದಿನ ಕ್ವಾಂಟಮ್ ಮೆಕ್ಯಾನಿಕ್ಸ್ ಕ್ಲಾಸು. ಬೋರ್ಡಿನ ಮೇಲೆ ಸ್ಥಾನ ಮತ್ತು ಸಂವೇಗದ ಕಮ್ಯುಟೇಟರ್ (ಎರಡನ್ನೂ ಹಿಂದುಮುಂದು ಮಾಡಿ ಗುಣಿಸಿದಾಗ ಉಳಿಯುವ ವ್ಯತ್ಯಾಸ) ಬರೆದ ಸರ್, 1925ರಲ್ಲಿ ಡಿರಾಕ್ ಇದನ್ನು ಪಾಯ್ಸನ್ ಬ್ರಾಕೆಟ್ ಜೊತೆ ಹೇಗೆ ಹೋಲಿಸಿ ನೋಡಿದ ಎಂದು ಹೇಳುತ್ತಾ ಹೋದರು. ನಾನು ಬರೆಯುವುದನ್ನು ನಿಲ್ಲಿಸಿ ಪಕ್ಕಕ್ಕೆ ನೋಡಿದೆ. ಗೆಳತಿಯೂ ನನ್ನನ್ನೇ ನೋಡುತ್ತಿದ್ದಳು. ನಾವು ‘ಯಾಕೆ’ ಕೇಳದೆ ದಾಟಿಬಂದದ್ದು ಅದನ್ನೇ. ಹಿಂದಿನ ಬೆಂಚಿನಿಂದ ಮೇಷ್ಟ್ರು ಪೆನ್ನಿನ ತುದಿಯಿಂದ ನನ್ನ ಭುಜ ತಟ್ಟಿ ಮೆಲ್ಲಗೆ ಅಂದರು:

“ಸಂಜಿ ನಾಲ್ಕಕ್ಕ ಬರ್ರಿ. ಅಣ್ಣಾರನ ನಾ ಕೇಳ್ತೀನಿ.”